ಪುಲ್ಲಿಯ ಮೇಲಿನ ಬಿಳಿ ಗೆರೆ

ನನ್ನ ಲಾರಿಗೆ ಮಸ್ಕಿಯ ಹಸನ್‌ಸಾಬ್ ಚಾಚಾ ಬೈದಷ್ಟು ನನ್ನ ಹೆಂಡತಿ ಶೈಲಜಾ ನನಗೂ ಬೈದಿಲ್ಲ. ಆದರೂ ಇಪ್ಪತ್ತೆರಡು ವರ್ಷದಿಂದ ಆ ಲಾರಿಗೆ ಬೇರೊಬ್ಬ ಮೇಸ್ತ್ರಿಯ ಕೈ ಸೋಕಲು ನಾನು ಬಿಟ್ಟಿಲ್ಲ. ಕೂತಲ್ಲೇ ಎಂಜಿನ್ನಿಗೆ ಕಿವಿಗೊಟ್ಟು, "ಮೂರನೇ ನಾಜಲ್ ಅಳಾಕತ್ತೈತಿ" ಎಂದು ಹೇಳಬಲ್ಲ ಇನ್ನೊಬ್ಬರು ನನಗೆ ಸಿಕ್ಕಿಲ್ಲ.

ಕಳೆದ ವರ್ಷ ದೀಪಾವಳಿ ಮುಗಿದು ದಢೇಸುಗೂರು ಕಡೆ ಭತ್ತದ ಕೊಯ್ಲು ಶುರುವಾಗುವ ಹೊತ್ತಿಗೇ ಲಾರಿಯ ಎಂಜಿನ್ ಕೈಕೊಟ್ಟಿತು. ಅದೇ ನಮೂನೆಯ ಹಳೆಯ ಎಂಜಿನ್ ಒಂದನ್ನು ಗುಜರಿಯಿಂದ ತಂದು ಚಾಚಾನ ಶೆಡ್ಡಿನಲ್ಲಿ ಇಳಿಸಿದೆ. ಆಗ ಚಾಚಾ ಕಣ್ಣಿನ ಪೊರೆ ತೆಗೆಸಿಕೊಂಡು ಎರಡು ತಿಂಗಳಾಗಿತ್ತಷ್ಟೆ. ಮಗ ಜಾಹೀದ್ ಶೆಡ್ಡನ್ನು ಮೊಬೈಲ್ ಅಂಗಡಿ ಮಾಡಬೇಕೆಂದು ಶಟರಿನವನನ್ನು ಕರೆಸಿ ಅಳತೆಯನ್ನೂ ಹಿಡಿಸಿದ್ದ.

"ಈ ಗಾಡಿ ಒಂದು ನೋಡ್ತೀನಿ ಚನ್ನು," ಅಂದರು ಚಾಚಾ. "ಇದು ಸರಿಯಾಗಿ ಎಳೀತಂದ್ರ ನಂದಿನ್ನೂ ನಡೀತೈತಿ. ಇಲ್ಲಂದ್ರ ಹುಡುಗ ಹೇಳಿದ್ದ ಖರೆ."

ನನಗೆ ಸಿಟ್ಟೇ ಬಂತು. ನನ್ನ ಲಾರಿಯನ್ನೇ ಪರೀಕ್ಷೆಗೆ ಇಡಬೇಕಿತ್ತೇ?

ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸುವವರಿಲ್ಲ. ಪಂಪು ಸರಿಯಾದ ಗಳಿಗೆಗೆ ಡೀಸೆಲ್ ಚಿಮ್ಮಿದರೆ ಅದೇ ಬೆಂಕಿ. ಆ ಗಳಿಗೆಯ ಗುರುತು ಎಂಜಿನ್ನಿನ ಮುಂದೆ ಬೆಲ್ಟು ಸುತ್ತುವ ದೊಡ್ಡ ಗಾಲಿಯ, ಅಂದರೆ ಪುಲ್ಲಿಯ ಮೇಲೆ ಇರುತ್ತದೆ. ಗುಜರಿ ಎಂಜಿನ್ನಿನಲ್ಲಿ ಅದು ತುಕ್ಕು ತಿಂದು ಹೋಗಿತ್ತು. ಎಂಜಿನ್ನನ್ನು ಲಾರಿಗೆ ಕೂಡಿಸಿದ ಮೇಲೆ ಚಾಚಾ ಅರ್ಧ ದಿನ ಒದ್ದಾಡಿ, ಒಂದನೇ ಪಿಸ್ಟನ್ ಮೇಲೆ ಬರುವ ಜಾಗ ಹಿಡಿದು, ಅಲ್ಲಿಂದ ಅಳೆದು, ತಮ್ಮ ಎಲೆ-ಅಡಿಕೆ ಡಬ್ಬಿಯ ಸುಣ್ಣದಿಂದಲೇ ಪುಲ್ಲಿಗೆ ಒಂದು ಗೆರೆ ಎಳೆದರು. ಪಂಪು ರಿಪೇರಿಗೆಂದು ಸಿಂಧನೂರಿಗೆ ಹೋಗಿತ್ತು. ಅದು ಮರುದಿನ ಮಧ್ಯಾಹ್ನ ಬಂತು. ಆ ಗೆರೆಗೆ ಸರಿಯಾಗಿ ಅದನ್ನು ಕೂಡಿಸಿದರು.

ಎಂಜಿನ್ ಚಾಲೂ ಆಯಿತು. ಆದರೆ ಶೆಡ್ಡು ತುಂಬಾ ಕಣ್ಣುರಿಯುವ ಬಿಳಿ ಹೊಗೆ. ಖಾಲಿ ಲಾರಿ ಹಳ್ಳದ ಸೇತುವೆಯ ಏರು ಹತ್ತಲು ಏದುಸಿರು ಬಿಟ್ಟಿತು. ವಾಪಸು ಬಂದು ಚಾಚಾ ಪಂಪನ್ನು ಕೂದಲೆಳೆಯಷ್ಟು ತಿರುಗಿಸಿದರು, ಇನ್ನಷ್ಟು ತಿರುಗಿಸಿದರು. ತಿರುಗಿಸಲು ಬೋಲ್ಟಿಗಿದ್ದ ಸಂದು ಮುಗಿಯಿತೇ ಹೊರತು ಹೊಗೆ ಮುಗಿಯಲಿಲ್ಲ.

ಅವರು ಪಾನಾ ಕೆಳಗಿಟ್ಟು ಟೈರಿನ ಮೇಲೆ ಕೂತರು. ಯಾವತ್ತೂ ಲಾರಿಗೆ ಬೈಯುವ ಮನುಷ್ಯ ಅಂದು ಒಂದು ಬೈಗುಳವನ್ನೂ ಆಡಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೆ.

"ಗೆರೀ ತಪ್ಪು ಎಳದೀನಿ. ಕಣ್ಣು ಮೋಸ ಮಾಡ್ಯಾವು," ಅಂದರು. "ಜಾಹೀದ್‌ಗ ಫೋನ್ ಹಚ್ಚು. ಶಟರ್‌ನವನಿಗೆ ಬರಾಕ ಹೇಳಲಿ."

"ಚಾಚಾ, ಇನ್ನೊಂದು ಸರ್ತಿ ಮೊದಲಿಂದ ಅಳೀರಿ. ಆಮ್ಯಾಲ ಯಾರಿಗೆ ಬೇಕೋ ಹಚ್ಚೂಣಂತ!" ನಾನು ಜೋರು ಮಾಡಿದೆ.

ಒಲ್ಲದ ಮನಸ್ಸಿನಿಂದ ಎದ್ದು ಹಳೆಯ ಗೆರೆಯನ್ನು ಬೆರಳಿನಿಂದ ಒರೆಸಿದರು. ಸುಣ್ಣ ಹತ್ತಿದ ಬೆರಳನ್ನು ಬಾಯಿಗೆ ಹಾಕುವುದು ಎಲೆ ತಿನ್ನುವವರ ಚಾಳಿ. ಹಾಗೇ ಹಾಕಿಕೊಂಡರು. ಇನ್ನೊಮ್ಮೆ ಒರೆಸಿ ನೆಕ್ಕಿದರು.

"ಚನ್ನು, ಇದು ನಾಲಿಗಿ ಸುಡವಲ್ದು. ಇದು ಸುಣ್ಣ ಅಲ್ಲಲೇ. ಬೂದಿ!"

ಆಗ ನನಗೆ ಹೊಳೆಯಿತು. ಅಂದು ಬೆಳಿಗ್ಗೆ, ಚಾಚಾ ಇನ್ನೂ ಶೆಡ್ಡಿಗೆ ಬಂದಿರದ ಹೊತ್ತಿನಲ್ಲಿ, ನಮ್ಮವ್ವ ಶೇಖರಮ್ಮ ಹೊಸ ಎಂಜಿನ್ನಿಗೆ ಕಾಯಿ ಒಡೆಯಲೆಂದು ಸಂತೆಕಲ್ಲೂರಿನಿಂದ ಆಟೋದಲ್ಲಿ ಬಂದಿದ್ದಳು. ಈಗಲೂ ಶೆಡ್ಡಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಯವ್ವಾ, ಇಲ್ಲಿ ಏನರ ಹಚ್ಚಿದೇನು?"

"ಹಚ್ಚದ ಬಿಡ್ತೀನೇನು? ಗಾಲಿ ಹೊಲಸಾಗಿತ್ತು. ಸೆರಗಿಲೆ ಒರಸಿ, ಮೂರು ಬಟ್ಟು ಇಬತ್ತಿ ಎಳದೀನಿ."

ಚಾಚಾನ ಸುಣ್ಣ ಅವ್ವನ ಸೆರಗಿಗೆ ಹೋಗಿತ್ತು. ಪುಲ್ಲಿಯ ಎಣ್ಣೆಯಲ್ಲಿ ಮೂರು ವಿಭೂತಿ ಗೆರೆಗಳಲ್ಲಿ ಎರಡು ಕರಗಿ, ಒಂದು ಮಾತ್ರ ನಿಂತಿತ್ತು. ಅದು ನಿಂತದ್ದು ಸುಣ್ಣದ ಗೆರೆ ಇದ್ದ ಜಾಗದಿಂದ ನಾಲ್ಕು ಬೆರಳು ಆಚೆ.

ನಾನು ಅವ್ವನ ಮೇಲೆ ರೇಗಲು ಬಾಯಿ ತೆರೆದೆ. ಅಷ್ಟರಲ್ಲಿ ಚಾಚಾ ನಗತೊಡಗಿದರು. ನಗುತ್ತ ನಗುತ್ತ ಹೊಸ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲೂ ಇಲ್ಲ. "ನನ್ನ ಕಣ್ಣಲ್ಲ! ಯಾ ಅಲ್ಲಾ, ನನ್ನ ಕಣ್ಣಲ್ಲ!" ಎಂದು ಎರಡೆರಡು ಸಲ ಹೇಳಿದರು.

ಮತ್ತೆ ಅಳೆದರು, ಸುಣ್ಣದ ಗೆರೆ ಎಳೆದರು, ಈ ಸಲ ಅದರ ಮೇಲೆ ಉಳಿಯಿಂದ ಒಂದು ಗಾಯವನ್ನೂ ಮಾಡಿದರು. ಪಂಪು ಕೂಡಿಸಿದಾಗ ಎಂಜಿನ್ ಅರ್ಧ ಸುತ್ತಿಗೇ ಹಿಡಿಯಿತು. ಹೊಗೆ ಇಲ್ಲ. ಸೇತುವೆಯ ಏರನ್ನು ಲಾರಿ ಗೇರು ಬದಲಿಸದೆ ಹತ್ತಿತು. ಪಕ್ಕದಲ್ಲಿ ಕೂತಿದ್ದ ಚಾಚಾ, "ಹತ್ತಲೇ ಮುದುಕಾ, ನಾಚಿಕಿಗೇಡಿ," ಎಂದು ಲಾರಿಗೆ ಬೈದರು. ಆ ಬೈಗುಳ ಕೇಳಿ ನನ್ನ ಜೀವ ತಣ್ಣಗಾಯಿತು.

ಶೆಡ್ಡಿಗೆ ಬಂದವರೇ ಜಾಹೀದನಿಗೆ ತಾವೇ ಫೋನು ಮಾಡಿದರು. "ಶಟರ್‌ನವನಿಗೆ ಬ್ಯಾಡಂತ ಹೇಳು. ನಾಳೆ ಶೆಡ್ಡು ನಾನಽ ತೆಗೀತೀನಿ."

ಅವ್ವ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಳು. ವಿಭೂತಿಯ ಗಟ್ಟಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಚಾಚಾ ಅದನ್ನು ಕಂಡರು.

"ಹಚ್ಚ್ರಿ ಅಕ್ಕಾರ, ಹೆದರಬ್ಯಾಡ್ರಿ. ಬಾನೆಟ್ ಮ್ಯಾಲೆ ಎಷ್ಟು ಬೇಕಾದ್ರೂ ಹಚ್ಚ್ರಿ," ಎಂದು ಕೆಳಗಿಟ್ಟಿದ್ದ ಪಾನಾ ಎತ್ತಿಕೊಂಡರು. "ಒಳಗಿನ ಗೆರೀ ಮಾತ್ರ ನಂದು."