ಎದ್ದು ಹೋಗದ ದೇವರು

ಅವರ ಅಂಗೈಗಳು ಯಾವಾಗಲೂ ನೀರಿನಲ್ಲಿ ನೆನೆಸಿಟ್ಟಂತೆ ಬೆಳ್ಳಗೆ, ಸುಕ್ಕುಗಟ್ಟಿರುತ್ತಿದ್ದವು. ನಾಸಿಕದ ದವಾಖಾನೆಯೊಂದರ ಹೆರಿಗೆ ವಾರ್ಡಿನಲ್ಲಿ ದಿನವಿಡೀ ಕೈ ತೊಳೆದೂ ತೊಳೆದೂ ಹಾಗಾಗಿದ್ದವಂತೆ. ಮೂಲ ಗದಗಿನವರು. ನಮ್ಮ ಓಣಿಯ ಮರಾಠಿ ಹೆಂಗಸರು, ಕನ್ನಡದ ನಾವು, ಎಲ್ಲರೂ ಅವರನ್ನು ನರ್ಸಬಾಯಿ ಎಂದೇ ಕರೆಯುತ್ತಿದ್ದೆವು. ಯಾರದೋ ಮಗುವಿಗೆ ಜ್ವರ ಎಂದು ಕಿವಿಗೆ ಬಿದ್ದರೆ ಸಾಕು, ಸೆರಗು ಸಿಕ್ಕಿಸಿಕೊಂಡು ಬಂದುಬಿಡುತ್ತಿದ್ದರು. ಚಹಾ ಮಾತ್ರ ಸುಡುಸುಡು ಬೇಕು. ಆರಿದ್ದು ಕೊಟ್ಟರೆ, "ಇದರಾಗ ಕೈ ತೊಳಕೊಳ್ಳಲೇನು?" ಎನ್ನುವರು.

ನರ್ಸಬಾಯಿಯಂತೆ ನಾವೂ ಕ್ರೈಸ್ತರೇ, ಧಾರವಾಡದ ಕಡೆಯವರು. ನನ್ನ ಗಂಡ ನಾಸಿಕದ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯಲ್ಲಿ ಫಿಟರ್. ಎಂಬತ್ತರ ದಶಕದ ಕೊನೆಯಲ್ಲಿ ಒಂದು ಮುಂಜಾನೆ, ಡ್ಯೂಟಿಗೆ ಹೊರಟವರು ಎದೆನೋವು ಎಂದು ಬಾಗಿಲಲ್ಲೇ ಕುಳಿತರು. ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಮಗಳಿಗೆ ಇನ್ನೂ ಮಾತು ಬಂದಿರಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ಚರ್ಚಿನ ಸಭೆಯ ಹಿರಿಯರೊಬ್ಬರು ಮನೆಗೆ ಬಂದು, "ಅಳಬ್ಯಾಡವಾ. ವಿಶ್ವಾಸಿಗಳು ಹಿಂಗ ಅಳಬಾರದು, ದೇವರ ಚಿತ್ತ ಅದು" ಎಂದರು. ಮೂಲೆಯಲ್ಲಿ ನನ್ನ ಮಗಳಿಗೆ ಗಂಜಿ ಕುಡಿಸುತ್ತಿದ್ದ ನರ್ಸಬಾಯಿ ದನಿ ಏರಿಸದೆ ಹೇಳಿದರು: "ಗೆಳೆಯ ಸತ್ತಾಗ ಯೇಸುಸ್ವಾಮಿನೂ ಅತ್ತಾನ್ರಿ. ಆತನ್ನ ಸಾವಿನಿಂದ ಎಬ್ಬಸ್ತೀನಿ ಅಂತ ಗೊತ್ತಿದ್ರೂ ಅತ್ತಾನ. ಈಕಿನ್ನ ಯಾಕ ತಡೀತೀರಿ?"



ಅಂದಿನಿಂದ ನರ್ಸಬಾಯಿ ಡ್ಯೂಟಿ ಮುಗಿಸಿ ನೇರ ನಮ್ಮ ಮನೆಗೇ ಬರತೊಡಗಿದರು. ಉಪದೇಶವಿಲ್ಲ. ಮೆಂತ್ಯ ಸೊಪ್ಪು ಸೋಸುವರು, ನಾನು ಉಂಡೆನೋ ಇಲ್ಲವೋ ನೋಡುವರು. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟು ಎರಡು ಮಾತು ಪ್ರಾರ್ಥಿಸುವರು. ನನಗೆ 'ಆಮೆನ್' ಅನ್ನಲೂ ಆಗುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಅಂದೆ: "ನನಗ ದೇವರ ಮ್ಯಾಲೆ ಸಿಟ್ಟದರಿ ಬಾಯಿ. ಆತನ ಹೆಸರು ಎತ್ತಬ್ಯಾಡ್ರಿ."

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸೊಪ್ಪು ಬದಿಗಿಟ್ಟು, ತಮ್ಮ ಹಿರಿಮಗಳು ಕಾಮಾಲೆಯಲ್ಲಿ ತೀರಿಕೊಂಡ ಸಂಗತಿಯನ್ನು ಮೊದಲ ಸಲ ಹೇಳಿದರು. ತಾವೇ ನರ್ಸ್ ಆಗಿದ್ದೂ ಉಳಿಸಿಕೊಳ್ಳಲಾಗಿರಲಿಲ್ಲ.

"ಹೆಂಗ ತಾಳಿಕೊಂಡ್ರಿ?" ಎಂದೆ.

"ತಾಳಿಕೊಳ್ಳಲಿಲ್ಲವಾ. ಅತ್ತೆ, ಬೈದೆ, ನೀ ಅದೀಯೇನು ಅಂತ ಕೇಳಿದೆ. ಎಷ್ಟು ಬೈದ್ರೂ ದೇವರು ನನ್ನ ಬಾಜೂಕಿಂದ ಎದ್ದು ಹೋಗಲಿಲ್ಲ. ನನಗ ಗೊತ್ತಿರೋದು ಅಷ್ಟ. ನಿನಗ ಸಿಟ್ಟಿದ್ರ ಆತಗ ಹೇಳು, ಕೇಳಸ್ಕೋತಾನ."

ಆ ಸಂಜೆ ಅವರು ಹೋದ ಮೇಲೆ, ಸ್ಟೋವ್ ಮುಂದೆ ಕುಳಿತು ದೇವರಿಗೆ ಹೇಳಿದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಹೇಳಿ ಹೇಳಿ ಸುಮ್ಮನಾದಾಗ, ಆತ ಅಲ್ಲೇ ಕುಳಿತು ಕೇಳಿದ ಹಾಗೆ ಅನ್ನಿಸಿತು. ಗಂಡ ಹೋದ ಮೇಲೆ ಮೊದಲ ಬಾರಿಗೆ ನನಗೆ ಹಸಿವಾಯಿತು.

ನಿವೃತ್ತರಾದ ಮೇಲೆ ನರ್ಸಬಾಯಿ ಔರಂಗಾಬಾದಿಗೆ, ಅಲ್ಲಿನ ಚಿಕಲಠಾಣಾ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದ ಮಗನ ಮನೆಗೆ ಹೋದರು. ಕೆಲವು ವರ್ಷಗಳ ನಂತರ ತೀರಿಕೊಂಡರೆಂದು ಸುದ್ದಿ ಬಂತು. ಸಿಕ್ಕ ಬಸ್ಸಿಗೆ ಹೊರಟೆ. ನಾನು ಸ್ಮಶಾನ ಮುಟ್ಟುವಾಗ ಮರಾಠಿ ಪ್ರಾರ್ಥನೆ ಮುಗಿಯುತ್ತಿತ್ತು. ಮರಾಠಿಯಲ್ಲೇ ಓದಿ ಬೆಳೆದ ಮಗ ಹತ್ತಿರ ಬಂದು, ತಡವರಿಸುತ್ತ ಕೇಳಿದ: "ಮಾವಶಿ, ಆಯಿಗೆ ಕನ್ನಡದಾಗ ಪ್ರಾರ್ಥನಾ ಬೇಕಿತ್ತು. ನನಗ ಅಷ್ಟು ಬರಂಗಿಲ್ಲ. ನೀವು ಮಾಡ್ತೀರೇನು?"

ನಾಲ್ಕು ಜನರ ಮುಂದೆ ನಾನು ಎಂದೂ ಪ್ರಾರ್ಥಿಸಿದವಳಲ್ಲ. ಅಂದು ಹಿಡಿಮಣ್ಣು ಕೈಯಲ್ಲಿ ಹಿಡಿದೇ ಕಣ್ಣು ಮುಚ್ಚಿ, "ತಂದೇ, ಈ ತಾಯಿನ್ನ ನನ್ನ ಮನಿಗೆ ನೀನ ಕಳಿಸಿದ್ದಿ" ಎಂದು ಶುರು ಮಾಡಿದೆ.