ಹುಬ್ಬಳ್ಳಿ ಮಾತಿನ ತರಬೇತಿ

ನನ್ನ ಹುಬ್ಬಳ್ಳಿ ಮಾತಿಗೆ ಮರುಳಾಗಿಯೇ ಆ ದೊಡ್ಡ ಟೀವಿ ಚಾನೆಲ್ ನನ್ನನ್ನು ನಿರೂಪಕನಾಗಿ ತೆಗೆದುಕೊಂಡಿತು. ಸೇರಿದ ವಾರದಲ್ಲೇ ಆ ಮಾತನ್ನು ತಿದ್ದಿಸಲು ಜಯನಗರದ ಮೇಡಂ ಒಬ್ಬರ ಹತ್ತಿರ ಕಳಿಸಿತು. ಬಿಟಿಎಂನ ಬಾಡಿಗೆ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು ‘ಬರ್ತೀನಿ, ಹೋಗ್ತೀನಿ’ ಎಂದು ಅಭ್ಯಾಸ ಮಾಡಿದೆ. ಮುಂದೆ ಅದೇ ಚಾನೆಲ್ ಉತ್ತರ ಕರ್ನಾಟಕದ ಹಾಸ್ಯ ಕಾರ್ಯಕ್ರಮ ಶುರುಮಾಡಿ, ನಿರೂಪಣೆಯನ್ನು ಬನಶಂಕರಿಯ ಹುಡುಗನಿಗೆ ಕೊಟ್ಟಿತು.

“ಗುರು, ಇವ್ನಿಗೆ ನಿಮ್ ಕಡೆ ಮಾತು ಸ್ವಲ್ಪ ಕಲಿಸ್ಬಿಡಿ,” ಎಂದರು ಮುಖ್ಯಸ್ಥರು. ಇಂಥ ಬುದ್ಧಿ ಯಾವ ಮೀಟಿಂಗಿನಲ್ಲಿ ಹುಟ್ಟುತ್ತದೋ ಎಂಬ ಕುತೂಹಲ ನನಗೆ ಇನ್ನೂ ತೀರಿಲ್ಲ.

ಹುಡುಗ ಅಸಲಿ ಮಾತು ಕೇಳಲೆಂದು, ಬಹಳ ದಿನಗಳಿಂದ ಮಾತಾಡಿಸದ ಹುಬ್ಬಳ್ಳಿಯ ಸೋದರಮಾವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

“ಮಾವ, ನಾನು. ಹೇಗಿದೀರಾ?”

“ಮಾವ ಅಂತೀರಲ್ರೀ, ಬೆಂಗಳೂರಿಂದ ಯಾರ್ ಮಾತಾಡಾಕತ್ತೀರಿ?”