ಬ್ರೇಕ್ ಮೇಡಂ ಬಾಯೊಳಗಿನ ಬಿಳಿ ಗೆರೆಗಳು

ಕಾರು ಕಲಿಯಲು ಬಂದವರೆಲ್ಲ ಕಲಿಸುವ ಅವರನ್ನು ಬ್ರೇಕ್ ಮೇಡಂ ಎನ್ನುತ್ತಿದ್ದರು. ಅವರು 'ಬ್ರೇಕ್!' ಎಂದು ಹಾಕುವ ಕೂಗಿಗೆ ಎದುರಿನ ಲಾರಿಯೂ ನಿಂತುಬಿಡುತ್ತದೆ ಎಂದು ತಮಾಷೆ. ಅಂಥವರು ಐವತ್ತು ದಾಟುತ್ತಲೇ ಮೆತ್ತಗಾದರು. ಬಿಸಿಯದೋ ಖಾರದ್ದೋ ತಾಗಿದರೆ ಸಾಕು, ಕೆನ್ನೆಯ ಒಳಗೆಲ್ಲ ಧಗಧಗ ಉರಿ. ಕನ್ನಡಿಯಲ್ಲಿ ನೋಡಿದರೆ ಎರಡೂ ಕಡೆ ಬಲೆ ಹೆಣೆದಂತೆ ಬಿಳಿ ಗೆರೆಗಳು.

ದಂತವೈದ್ಯೆ ಕೆನ್ನೆಯ ಒಳಗಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ಮೇಲೆ ಮೇಡಂ ಅವರನ್ನು ಕೂರಿಸಿ ಹೇಳಿದರು.

"ಇದಕ್ಕೆ ಲೈಕೆನ್ ಪ್ಲೇನಸ್ ಅಂತಾರೆ. ನಿಮ್ಮ ಮೈಯ ಕಾವಲುಪಡೆನೇ ಬಾಯಿ ಮೇಲೆ ತಿರುಗಿಬಿದ್ದಿದೆ. ಯಾರಿಗೂ ಅಂಟಲ್ಲ."

"ಕ್ಯಾನ್ಸರ್ ಅಲ್ಲ ತಾನೆ? ನಾನು ತಂಬಾಕು ಮುಟ್ಟಿದವಳೇ ಅಲ್ಲ."

"ಅಲ್ಲ. ಆದ್ರೆ ನೂರರಲ್ಲಿ ಒಬ್ಬರಿಗೆ ಮುಂದೆ ಹಾಗಾಗ್ಬಹುದು. ಉರಿ ಇರ್ಲಿ ಬಿಡ್ಲಿ, ಆರು ತಿಂಗಳಿಗೊಮ್ಮೆ ಬಂದು ತೋರಿಸ್ಬೇಕು."

ಈ 'ಅಲ್ಲ, ಆದ್ರೆ' ಮೇಡಂ ತಲೆಯಲ್ಲಿ ಕೊರೆಯತೊಡಗಿತು. ರೋಗವಿದ್ದರೆ ಅತ್ತು ಹಗುರಾಗಬಹುದು, ಇಲ್ಲದಿದ್ದರೆ ಮರೆತುಬಿಡಬಹುದು. ಎರಡರ ನಡುವೆ ಬದುಕುವುದು ಹೇಗೆ? ವೈದ್ಯೆ ಕೊಟ್ಟ ಮುಲಾಮಿಗೆ ಉರಿ ಇಳಿಯಿತು. ಉರಿಯ ಜೊತೆ ಭಯವೂ ಹೋಯಿತು, ಮೆಲ್ಲಗೆ ತಪಾಸಣೆಯೂ ನಿಂತಿತು. ಎರಡು ಮೂರು ವರ್ಷ ಅವರು ಆ ಕಡೆ ತಲೆ ಹಾಕಲಿಲ್ಲ.

ಒಂದು ಭಾನುವಾರ ಊಟದ ನಡುವೆ ನಾಲಿಗೆಯ ಅಂಚಿನ ಅದೇ ಗಟ್ಟಿ ಜಾಗ ಮತ್ತೆ ಹಲ್ಲಿಗೆ ಸಿಕ್ಕಿತು. ಗಂಡ ಟಾರ್ಚು ಹಿಡಿದು ಇಣುಕಿದರು. ಸಣ್ಣ ಹುಣ್ಣು.

"ನೋವಿಲ್ಲ ಬಿಡ್ರೀ."

"ಯಾವಾಗಿಂದ ಇದೆ?"

"ಒಂದು ತಿಂಗಳಾಯ್ತೇನೋ."

"ಇನ್ನೂ ಆರಿಲ್ಲ! ನಾಳೆ ಬೆಳಿಗ್ಗೆನೇ ಹೋಗೋಣ, ಸುಮ್ನೆ ಬಾ."

ಮರುದಿನ ದಾರಿಯುದ್ದಕ್ಕೂ ಗಂಡ ಗೇರು ಕಿರುಗುಟ್ಟಿಸುತ್ತಿದ್ದರೂ ಮೇಡಂ ನಾಲಿಗೆಯ ಅಂಚನ್ನೇ ಹಲ್ಲಿಗೆ ಒತ್ತಿ ನೋಡಿಕೊಳ್ಳುತ್ತಿದ್ದರು.

ಅದು ಕ್ಯಾನ್ಸರೇ ಆಗಿತ್ತು, ಕಡಲೆಕಾಳಿನಷ್ಟು. "ಸಣ್ಣದಿದ್ದಾಗಲೇ ಬಂದ್ರಿ, ಒಳ್ಳೇದಾಯ್ತು" ಎಂದರು ಶಸ್ತ್ರವೈದ್ಯರು. ಮೇಡಂ ತಾವು ತಪ್ಪಿಸಿದ ತಪಾಸಣೆಗಳನ್ನು ಮನಸ್ಸಿನಲ್ಲೇ ಎಣಿಸಿದರು. ನಾಲಿಗೆಯ ಒಂದಂಚು ಹೋಯಿತು, ಜೀವ ಉಳಿಯಿತು.

ಮತ್ತೆ ಕಾರು ಹತ್ತಿದ ದಿನ ಅವರು ನಾಲಿಗೆ ಹೊರಳದೆ "ಬ್ಲೇಕ್!" ಎಂದು ಕೂಗಿದರು. ಕಲಿಯಲು ಹೊಸದಾಗಿ ಸೇರಿದ್ದ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸು "ಏನಂದ್ರಿ?" ಎಂದು ತಿರುಗುವಷ್ಟರಲ್ಲಿ ಚಕ್ರ ಚರಂಡಿಯ ಅಂಚಿಗೆ ಬಂದಿತ್ತು. ಮೇಡಂ ತಮ್ಮ ಕಾಲ ಬಳಿ ಕಲಿಸುವವರಿಗೆಂದೇ ಇರುವ ಬ್ರೇಕ್ ಪೆಡಲು ಒತ್ತಿ ಕಾರು ನಿಲ್ಲಿಸಿದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಮೇಡಂ ಕಣ್ಣು ಒದ್ದೆಯಾದವು.

ತಿಂಗಳುಗಳು ಕಳೆದಂತೆ ಮಾತು ಸರಿಹೋಯಿತು, ಬಿಳಿ ಗೆರೆಗಳು ಮಾತ್ರ ಇನ್ನೂ ಹಾಗೇ ಇವೆ. ಮೊನ್ನೆ ತಪಾಸಣೆ ಮುಗಿಸಿ ಹೊರಬಂದಾಗ ಗಂಡ ಬೆಂಚಿನಿಂದ ಎದ್ದು ನಿಂತರು.

"ಏನಂತೆ?"

"ಹೊಸದೇನೂ ಇಲ್ವಂತೆ."

"ಹಾಗಾದ್ರೆ ಹೊರಡೋಣ್ವಾ?"

"ಇರ್ರೀ, ಮುಂದಿನ ಸಲ ಯಾವತ್ತು ಬರ್ಬೇಕು ಅಂತ ಕೇಳ್ಕೊಂಡು ಬರ್ತೀನಿ" ಎಂದು ಮೇಡಂ ಮತ್ತೆ ಒಳಗೆ ಹೋದರು.